ಅಪ್ಪನ ದನಿಯಲ್ಲಿ ನಡೆದ ಪಾಠ

ಮೊನ್ನೆ ಮೈಸೂರಿನ ಸಿಟಿ ಬಸ್ಸಿನಲ್ಲಿ, ಬಾಗಿಲ ಬಳಿ ಜೋತುಬಿದ್ದವರನ್ನು ಒಳಗೆ ಕಳಿಸಲು ಕಂಡಕ್ಟರು ಉಂಗುರದ ಬೆರಳಿನಿಂದ ತಗಡಿನ ಮೇಲೆ ಟಕ್ ಎಂದು ಕುಟ್ಟಿದ. ಎಲ್ಲರೂ ಒಳಕ್ಕೆ ಸರಿದರು. ನಾನೊಬ್ಬ ಮಾತ್ರ ನೆಟ್ಟಗೆ ಕೂತು, ಈಗಷ್ಟೇ ಹೇಳಿದ ವಾಕ್ಯದಲ್ಲಿ ಏನು ತಪ್ಪಾಯಿತೆಂದು ಹುಡುಕತೊಡಗಿದೆ. ನಾನು ಯಾವ ವಾಕ್ಯವನ್ನೂ ಹೇಳಿರಲಿಲ್ಲ. ಉಂಗುರ ಗಟ್ಟಿ ವಸ್ತುವಿಗೆ ತಾಗುವ ಆ ಸಣ್ಣ ಸದ್ದು ಕೇಳಿದರೆ ಸಾಕು, ಇವತ್ತಿಗೂ ನಾನು ತಪ್ಪಿತಸ್ಥ. ನಿಮಗೂ ಇಂಥದ್ದೊಂದು ಸದ್ದು ಇರಬಹುದು. ಹೋದವರು ಬಿಟ್ಟುಹೋಗುವುದು ಬಹಳ ಸಲ ಇಂಥ ಚಿಲ್ಲರೆಯನ್ನೇ.

ಆ ಸದ್ದು ನನಗೆ ಅಂಟಿಕೊಂಡಾಗ ನಾವು ಮಲೇಷಿಯಾದ ನಿಲಾಯ್‌ನಲ್ಲಿದ್ದೆವು, ಒಂಬತ್ತನೆಯ ಮಹಡಿಯ ಒಂದು ಸಣ್ಣ ಮನೆಯಲ್ಲಿ. ಅಪ್ಪ ಅಲ್ಲಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಕೊರೊನಾ ಬಂದು ಎಲ್ಲವೂ ಬಾಗಿಲು ಹಾಕಿಕೊಂಡಾಗ ವಿಮಾನಗಳಿಲ್ಲದ ಆಕಾಶ ಬಿಕೋ ಎನ್ನತೊಡಗಿತು, ತರಗತಿ ನಮ್ಮ ಹಜಾರಕ್ಕೆ ಬಂತು. ಬಾಲ್ಕನಿಯ ಬಟ್ಟೆ ಹಗ್ಗವೇ ಅಪ್ಪನ ಕರಿಹಲಗೆ. ಒಂದೊಂದು ಕ್ಲಿಪ್ಪಿಗೆ ಒಂದೊಂದು ಚೀಟಿ: ‘ಐ’, ‘ವಾಂಟ್’, ‘ಟು ಗೋ’, ‘ಹೋಮ್’. ಆಲ್ವೇಸ್, ಸ್ಟಿಲ್, ಯೆಟ್, ಸೂನ್ ಎಂಬ ಕಾಲ ಹೇಳುವ ಪದಗಳನ್ನು ಮಾತ್ರ ಕೈಯಲ್ಲಿ ಹಿಡಿದು, ಯಾವುದು ಎಲ್ಲಿ ಕೂರಬೇಕೆಂದು ಲ್ಯಾಪ್‌ಟಾಪಿನ ಮುಂದೆ ಓಡಾಡುತ್ತಿದ್ದರು. “‘ಟು’ ಮತ್ತು ಅದರ ಕ್ರಿಯಾಪದ ಹೊಸ ಗಂಡ ಹೆಂಡತಿ ಇದ್ದ ಹಾಗೆ, ನಡುವೆ ನೆಂಟರನ್ನು ಕೂರಿಸಬೇಡಿ” ಎಂದು ಇಂಗ್ಲಿಷಿನಲ್ಲಿ ಹೇಳಿ ತಾವೊಬ್ಬರೇ ನಗುತ್ತಿದ್ದರು. ನಮ್ಮ ಒಗೆದ ಬಟ್ಟೆಗಳು ಕುರ್ಚಿಗಳ ಬೆನ್ನ ಮೇಲೆ ಒಣಗಿ ಮುಗ್ಗಲು ವಾಸನೆ ಹಿಡಿಯುತ್ತಿದ್ದವು. ನನ್ನ ಬಾಲ್ಯದ ವಾಸನೆ ಏನೆಂದು ಯಾರಾದರೂ ಕೇಳಿದರೆ, ವ್ಯಾಕರಣದಿಂದ ಜಾಗ ಕಳೆದುಕೊಂಡ ಬನಿಯನ್ನಿನ ವಾಸನೆ ಎನ್ನುತ್ತೇನೆ.

ನಾನು ಆ ಮನೆಯ ಅಧಿಕೃತ ಮಂಗ. ಯಾರನ್ನು ಬೇಕಾದರೂ ಅಣಕಿಸುತ್ತಿದ್ದೆ. ಎದುರುಮನೆಯ ಪುಷ್ಪಾ ಅಕ್ಕ ತಮಿಳರು, ನಮ್ಮ ಬಾಗಿಲ ಗ್ರಿಲ್ಲಿಗೆ ಇಡಿಯಪ್ಪ ಎಂಬ ಶಾವಿಗೆಯ ಚೀಲ ನೇತುಹಾಕಿ “ತಂಬಿ, ಈಟ್ ಆಲ್ರೆಡಿ ಆ?” ಎಂದು ಕೂಗುತ್ತಿದ್ದರು. “ನಾಟ್ ಯೆಟ್ ಲಾ!” ಎಂದು ನಾನು ಅವರದೇ ದನಿಯಲ್ಲಿ ಉತ್ತರಿಸಿದರೆ, ಅಪ್ಪ ಒಳಗಿನಿಂದ ನರಳುತ್ತಿದ್ದರು: “ಈ ದೇಶದಲ್ಲಿ ಆಲ್ರೆಡಿ ಇಲ್ದೆ ಅನ್ನಾನೂ ಬೇಯಲ್ಲ.” ಅಪ್ಪನನ್ನು ಅಣಕಿಸುವುದಂತೂ ನನ್ನ ಪರಮ ಕಲೆ. ಪ್ರತಿ ವಾಕ್ಯಕ್ಕೆ ಮುಂಚೆ ‘ಹ್ಞಂ’ ಎಂದು ಗಂಟಲು ಸರಿಮಾಡಿಕೊಳ್ಳುವುದು, ‘ಸೂನ್’ ಅನ್ನು ಸುರುಳಿ ಬಿಚ್ಚಿದ ಹಾಗೆ ಎಳೆಯುವುದು, ಮೂಗಿನಲ್ಲೇ ಅರ್ಧ ಉಳಿದುಹೋಗುವ ‘ಮೈ ಡಿಯರ್ ಫ್ರೆಂಡ್ಸ್’. ಅದೇ ತಾನೇ ಗಂಟಲು ಒಡೆದು ನಾನು ಒಂದು ಮಾತಿನಲ್ಲಿ ಕಪ್ಪೆ, ಇನ್ನೊಂದರಲ್ಲಿ ಪೀಪಿ ಆಗಿದ್ದೆ. ಅಪ್ಪನ ದನಿಯಲ್ಲಿ ಮಾತ್ರ ಗಂಡಸಾಗುತ್ತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಶುರುಮಾಡಿದರೆ ಅಮ್ಮ ಸೌಟು ಹಿಡಿದೇ ಬರುತ್ತಿದ್ದಳು. “ನಿಲ್ಸೋ ಕೋತಿ! ಅಸ್ತು ದೇವತೆಗಳು ಓಡಾಡೋ ಹೊತ್ತು. ಅಸ್ತು ಅಂದ್ಬಿಟ್ರೆ ಹಂಗೇ ನಿಂತೋಗತ್ತೆ ನಿನ್ ಗಂಟ್ಲು!” ಅಪ್ಪ ಕನ್ನಡಕ ಒರೆಸುತ್ತಾ, “ಬಿಡು ಸುಮಾ, ನನಗಿಂತ ಅವನೇ ಚೆನ್ನಾಗಿ ನಾನಾಗಿದಾನೆ” ಎನ್ನುತ್ತಿದ್ದರು.

ಎರಡನೆಯ ವರ್ಷದ ಹೊತ್ತಿಗೆ ಅಪ್ಪನ ತರಗತಿಗಳು ಒಂದೊಂದಾಗಿ ಮುಚ್ಚಿ ಒಂದೇ ಉಳಿದಿತ್ತು. ಅದೂ ನಿಂತರೆ ಕೆಲಸವಿಲ್ಲ, ಕೆಲಸ ಹೋದರೆ ವೀಸಾ ಇಲ್ಲ, ವೀಸಾ ಹೋದರೆ ಆ ಮನೆ, ಆ ಹಗ್ಗ, ಪುಷ್ಪಾ ಅಕ್ಕನ ಇಡಿಯಪ್ಪ ಯಾವುದೂ ನಮ್ಮದಲ್ಲ. ಅಂಥ ಹೊತ್ತಿನಲ್ಲಿ ಅಪ್ಪನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಕೊರೊನಾ ಎಂದೇ ಬಂತು. ಮನೆಯಲ್ಲೇ ಇರಿ ಎಂದರು ಆಸ್ಪತ್ರೆಯವರು. ಅಪ್ಪ ಮಲಗುವ ಕೋಣೆ ಸೇರಿ ಬಾಗಿಲು ಹಾಕಿಕೊಂಡರು, ನಾನು ಅಮ್ಮ ಹಜಾರದಲ್ಲಿ ಚಾಪೆ ಹಾಸಿದೆವು. ಮರುದಿನವೇ ಅವರ ದನಿ ಪೂರ್ತಿ ಕೂತುಹೋಯಿತು. ಬಾಗಿಲ ಸಂದಿನಿಂದ ಬರೀ ಉಸಿರು ಕೇಳುತ್ತಿತ್ತು. ತರಗತಿಯ ಹೊತ್ತಾದಾಗ ಅಮ್ಮ ನನ್ನನ್ನೂ ಲ್ಯಾಪ್‌ಟಾಪನ್ನೂ ಒಂದಷ್ಟು ಹೊತ್ತು ನೋಡಿದಳು. ಆಮೇಲೆ, ಸೌಟಿಲ್ಲದ ಕೈಯಲ್ಲಿ ನನ್ನ ತಲೆ ಸವರಿ, “ಅಪ್ಪನ ಥರ ಮಾತಾಡೋ” ಎಂದಳು.

ಕ್ಯಾಮೆರಾ ಆರಿಸಿ ನಾನು ಅಪ್ಪನಾದೆ. ‘ಹ್ಞಂ, ಮೈ ಡಿಯರ್ ಫ್ರೆಂಡ್ಸ್’ ಎಂದೆ. ಯಾರೂ ಅನುಮಾನಿಸಲಿಲ್ಲ, ನನಗೇ ಸ್ವಲ್ಪ ಬೇಜಾರಾಯಿತು. ಉತ್ಸಾಹ ಏರಿ, ‘ಶಿ ಕಮ್ಸ್ ಆಲ್ವೇಸ್ ಲೇಟ್’ ಎಂದು ಉದಾಹರಣೆ ಕೊಟ್ಟೆ. ಕೋಣೆಯ ಬಾಗಿಲ ಹಿಂದಿನಿಂದ ಟಕ್ ಎಂದಿತು. ಅಪ್ಪ ಬಾಗಿಲಿಗೆ ಒರಗಿ ಕೂತು ಕೇಳುತ್ತಿದ್ದರು, ಉಂಗುರದಿಂದ ಕುಟ್ಟುತ್ತಿದ್ದರು. ಆಲ್ವೇಸನ್ನು ಕಮ್ಸ್‌ಗಿಂತ ಮುಂದೆ ತಂದೆ. ಬಾಗಿಲು ಸುಮ್ಮನಾಯಿತು. ಆಮೇಲಿನ ತರಗತಿಗಳೆಲ್ಲ ಹೀಗೇ ನಡೆದವು. ಹಜಾರದಲ್ಲಿ ಅಪ್ಪನ ದನಿ, ಕೋಣೆಯಲ್ಲಿ ಅಪ್ಪನ ವ್ಯಾಕರಣ, ನಡುವೆ ಪ್ಲೈವುಡ್ಡು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದು ನೆನಪಿದೆ. ಆ ಮನೆಯಲ್ಲಿ ನಾವು ಮೂವರೂ ಸೇರಿ ಮಾಡಿದ ಕೊನೆಯ ಕೆಲಸ ಅದು. ಲಿನ್ ಎಂಬ ಚೀನಾದ ಹುಡುಗಿ, ಹಾಸ್ಟೆಲಿನಲ್ಲಿ ಒಬ್ಬಳೇ ಉಳಿದವಳು, ಸ್ವಂತ ವಾಕ್ಯ ಹೇಳಿ ಎಂದಾಗ “ಐ ಸ್ಟಿಲ್ ವಾಂಟ್ ಟು ಗೋ ಹೋಮ್” ಎಂದಳು. ನಾನು ಬಾಗಿಲ ಕಡೆ ನೋಡಿದೆ. ಸದ್ದಿಲ್ಲ. ವಾಕ್ಯ ಸರಿಯಾಗಿಯೇ ಇತ್ತು.

ಕೊನೆಯ ತರಗತಿಯ ದಿನ ಅಪ್ಪನ ಜ್ವರ ಇಳಿದಿತ್ತು, ಗಂಜಿ ಕುಡಿದಿದ್ದರು. ಬೆಳಿಗ್ಗೆ ಬಾಗಿಲ ಕೆಳಗಿನಿಂದ ‘ಇವತ್ತು ಯೆಟ್ ಕಲಿಸು, ಜಂಬ ಬೇಡ’ ಎಂದು ಚೀಟಿ ತಳ್ಳಿದ್ದರು. ಜಂಬವಿಲ್ಲದೆ ನಾನೆಲ್ಲಿ? ತರಗತಿಯ ನಡುವೆ ಅಪ್ಪನನ್ನು ಕೆಣಕೋಣ ಅನಿಸಿತು. ಬೇಕೆಂದೇ, ದನಿಯನ್ನು ಇನ್ನಷ್ಟು ಮೂಗಿಗೆ ಏರಿಸಿ, ‘ಶಿ ಕಮ್ಸ್ ಆಲ್ವೇಸ್ ಲೇಟ್’ ಎಂದು ಬಾಗಿಲಿಗೆ ಕಿವಿಕೊಟ್ಟೆ. ಸುಮ್ಮನಿತ್ತು. ಇನ್ನೂ ಜೋರಾಗಿ ಹೇಳಿದೆ. ಲ್ಯಾಪ್‌ಟಾಪಿನಿಂದ ಲಿನ್ ಮೆಲ್ಲಗೆ, “ಸರ್, ಐ ಥಿಂಕ್... ಶಿ ಆಲ್ವೇಸ್ ಕಮ್ಸ್?” ಎಂದಳು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತಿದ್ದಳು. ಅವಳೂ ಆ ಟಕ್‌ಗಾಗಿಯೇ ಕಾಯುತ್ತಿದ್ದಳು.

ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಅಪ್ಪ ಅದಕ್ಕೇ ಒರಗಿ ಕುಸಿದಿದ್ದರು. ಆಂಬುಲೆನ್ಸಿನ ಬಿಳಿ ದಿರಿಸಿನವರು ಬಂದು ಕರೆದೊಯ್ಯುವಾಗ ಕಣ್ಣು ಅರೆ ತೆರೆದಿತ್ತು, ತುಟಿ ನೀಲಿಯಾಗಿತ್ತು. ನಾವು ಲಿಫ್ಟಿನವರೆಗೂ ಹೋಗುವಂತಿರಲಿಲ್ಲ. ಪುಷ್ಪಾ ಅಕ್ಕ ತಮ್ಮ ಗ್ರಿಲ್ಲಿನ ಒಳಗೇ ನಿಂತು ಕೈಮುಗಿದರು. ಆಮೇಲೆ ಆಸ್ಪತ್ರೆಯಿಂದ ಫೋನುಗಳು ಬಂದವು. ಒಂದು ಬೆಳಿಗ್ಗೆ ಬಂದ ಫೋನಿನ ನಂತರ ಇನ್ನು ಬರಲಿಲ್ಲ. ಕೊನೆಗೆ ನಮ್ಮ ಕೈಸೇರಿದ್ದು ಮುಚ್ಚಿದ ಒಂದು ಮಡಕೆ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಉಂಗುರ.

ತರಗತಿ ಮುಚ್ಚಿತು, ವೀಸಾ ಮುಗಿಯಿತು. ಮನೆ ಖಾಲಿ ಮಾಡುವ ದಿನ ಬಾಲ್ಕನಿಯ ಹಗ್ಗದಲ್ಲಿ ಬಿಸಿಲಿಗೆ ಬಿಳಚಿಕೊಂಡ ಒಂದೆರಡು ಚೀಟಿಗಳು ಇನ್ನೂ ನೇತಾಡುತ್ತಿದ್ದವು. ಅಮ್ಮ ಅವನ್ನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ವಿಶ್ವವಿದ್ಯಾಲಯ ಮುಚ್ಚಿದ ಅಪ್ಪನ ಆನ್‌ಲೈನ್ ಖಾತೆಯ ಜೊತೆಗೆ ಪಾಠಗಳ ರೆಕಾರ್ಡಿಂಗುಗಳೂ ಅಳಿಸಿಹೋದವು. ಉಳಿದಿದ್ದರೂ ಕೊನೆಯ ಕೆಲವುಗಳಲ್ಲಿ ಮಾತಾಡುತ್ತಿರುವುದು ನಾನೇ ತಾನೆ. ಅಪ್ಪ ಫೋನಿನಲ್ಲಿ ದನಿ ಕಳಿಸುವವರಲ್ಲ, ಪೂರ್ಣವಿರಾಮ ಇಟ್ಟು ಟೈಪು ಮಾಡುವವರು. ನಮ್ಮ ವಿಡಿಯೊಗಳನ್ನೆಲ್ಲ ಹಿಡಿದವರು ಅವರೇ ಆದ್ದರಿಂದ ಯಾವುದರಲ್ಲೂ ಅವರಿಲ್ಲ. ಒಂದರಲ್ಲಿ ಮಾತ್ರ ‘ರೆಡಿ?’ ಎನ್ನುತ್ತಾರೆ, ಅದನ್ನೂ ಗಾಳಿ ಅರ್ಧ ನುಂಗಿದೆ.

ಈಗ ಮೈಸೂರಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಬಸ್ಸಿನ ಆ ಟಕ್ ಕೇಳಿ ಮನೆಗೆ ಬಂದ ಸಂಜೆ ಕಂಡಕ್ಟರನ್ನು ಅಣಕಿಸಿ ತೋರಿಸಿದೆ. ಅಮ್ಮ ನಕ್ಕಳು. ದೀಪ ಹಚ್ಚಿ ಬಂದು ಕುರ್ಚಿಯಲ್ಲಿ ಕೂತು, ಎಷ್ಟೋ ವರ್ಷಗಳ ನಂತರ ಕೇಳಿದಳು: “ಅವರ ಥರ ಒಂದ್ಸಲ ಮಾತಾಡೋ.” ಗಂಟಲು ಸರಿಮಾಡಿಕೊಂಡೆ. ‘ಹ್ಞಂ, ಮೈ ಡಿಯರ್ ಫ್ರೆಂಡ್ಸ್’ ಎಂದೆ. ಸೂನ್ ಅನ್ನು ಉದ್ದಕ್ಕೆ ಎಳೆದೆ. ಅಮ್ಮ ಕಣ್ಣುಮುಚ್ಚಿ ಕೇಳಿದಳು. ಹೆಬ್ಬೆರಳಿಗೆ ಏರಿಸಿಕೊಂಡಿರುವ ಅಪ್ಪನ ಉಂಗುರದಿಂದ ಕುರ್ಚಿಯ ತೋಳಿನ ಮೇಲೆ ಕುಟ್ಟಿದಳು. ಟಕ್.

“ಹಂಗಲ್ಲ ಕಣೋ. ಅದು ನೀನು ಮಾಡೋ ಅಪ್ಪ.”

ಮೂಗು ತಗ್ಗಿಸಿ ಮತ್ತೆ ಹೇಳಿದೆ. ಟಕ್. ಎಳೆಯದೆ ಹೇಳಿದೆ. ಟಕ್. ಅಸ್ತು ದೇವತೆಗಳು ನಿಲಾಯ್‌ವರೆಗೂ ಬಂದಿದ್ದಿರಬೇಕು. ನನ್ನ ಗಂಟಲು ಆ ಅಣಕದಲ್ಲೇ ನಿಂತುಹೋಗಿದೆ, ಅದರ ಹಿಂದೆ ಇದ್ದ ಮನುಷ್ಯ ನನಗೆ ಕೇಳಿಸುತ್ತಿಲ್ಲ. ಮತ್ತೆ ಹೇಗಿತ್ತಮ್ಮ ಅವರ ದನಿ, ಎಂದು ಕೇಳಿದೆ. ಅಮ್ಮ ಹೇಳಲೆಂದು ಬಾಯಿ ತೆರೆದಳು. ಬೀದಿಯಲ್ಲಿ ಯಾರೋ ಸ್ಕೂಟರು ನಿಲ್ಲಿಸಿದರು. ದೀಪದ ಬತ್ತಿ ಒಮ್ಮೆ ಚಟಪಟ ಎಂದಿತು. ಬಾಯಿ ಹಾಗೇ ತೆರೆದಿತ್ತು, ಅವಳಿಗೂ ಗೊತ್ತಿರಲಿಲ್ಲ.