ಹಾಲ್ ಖಾಲಿ ಇದ್ದ ದಿನ ಬಾ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದರ ಬಲದ ಮೇಲೆ ಹನ್ನೆರಡು ವರ್ಷ ಶಿವಾಜಿನಗರದ ಒಂದು ಥಿಯೇಟರಿನ ಗೇಟಿನಲ್ಲಿ ನಿಂತು ಟಿಕೆಟ್ ಹರಿದೆ. ಥಿಯೇಟರು ಮುಚ್ಚಿದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಇಂದಿರಾನಗರದ ಒಂದು ಕಾಸ್ಮೆಟಿಕ್ ಸರ್ಜರಿ ಕ್ಲಿನಿಕ್ಕಿನ ಮುಂದಿನ ಮೇಜಿಗೆ ಬಂದು ಕೂತೆ. ಮೂಗು ತಿದ್ದುವುದು, ಹೊಟ್ಟೆಯ ಕೊಬ್ಬು ತೆಗೆಯುವುದು, ಬೋಳುತಲೆಗೆ ಕೂದಲು ನೆಡುವುದು ಅಲ್ಲಿನ ಕಸುಬು. ಕೆಲಸಕ್ಕೆ ತೆಗೆದುಕೊಳ್ಳುವಾಗ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಜನರನ್ನು ಸಂಭಾಳಿಸಲು ಬರುತ್ತದೆಯೇ ಎಂದು. ಬರುತ್ತದೆ ಎಂದೆ. ಅದು ಸುಳ್ಳಾಗಿರಲಿಲ್ಲ. ನನ್ನ ಸುಳ್ಳುಗಳು ಆಮೇಲೆ ಶುರುವಾದವು.

ಮೊದಲ ಮೂರು ತಿಂಗಳು ಸಂಭಾಳಿಸಲು ಜನರೇ ಇರಲಿಲ್ಲ. ಹಾಲ್‌ನಲ್ಲಿ ಎಂಟು ಮೆತ್ತನೆಯ ಕುರ್ಚಿ, ಒಂದು ಮೀನಿನ ತೊಟ್ಟಿ, ಎಸಿ. ಬಾಗಿಲು ತಳ್ಳಿ ಇಣುಕಿದವರು ಖಾಲಿ ಕುರ್ಚಿಗಳನ್ನು ಕಂಡು, ಯಾರದೋ ಮನೆಗೆ ತಪ್ಪಿ ಬಂದವರಂತೆ ಹಿಂದೆ ಸರಿಯುತ್ತಿದ್ದರು. ಡಾಕ್ಟರು ಬಹಳ ಓದಿದವರು, ಜಾಹೀರಾತು ಸಾಲದೇನೋ ಎಂದು ತಲೆ ಕೆಡಿಸಿಕೊಂಡಿದ್ದರು. ನನಗೆ ಆ ರೋಗ ಗೇಟಿನಲ್ಲಿ ನಿಂತ ದಿನಗಳಿಂದ ಗೊತ್ತಿತ್ತು. ಖಾಲಿ ಥಿಯೇಟರಿಗೆ ಯಾರೂ ಬರುವುದಿಲ್ಲ. ಹೌಸ್‌ಫುಲ್ ಬೋರ್ಡು ಹಾಕಿದರೆ ಗೇಟು ಮುರಿಯುತ್ತಾರೆ.

ಹಾಗಾಗಿ ಕ್ಲಿನಿಕ್ಕಿಗೂ ಹೌಸ್‌ಫುಲ್ ಹಾಕಿದೆ. ಯಾರಾದರೂ ಫೋನ್ ಮಾಡಿದರೆ ಅಪಾಯಿಂಟ್‌ಮೆಂಟ್ ಪುಸ್ತಕದ ಖಾಲಿ ಹಾಳೆಗಳನ್ನು ಅವರಿಗೆ ಕೇಳುವಂತೆ ತಿರುವಿ, "ಹತ್ತು ದಿನ ಯಾವ್ದೂ ಖಾಲಿ ಇಲ್ಲ ಮೇಡಂ" ಎನ್ನುತ್ತಿದ್ದೆ. ದಿನವಿಡೀ ಒಬ್ಬೊಬ್ಬರಾಗಿ ಬರಬಹುದಾಗಿದ್ದ ಐದು ಜನರನ್ನು ಹನ್ನೊಂದು ಗಂಟೆಗೇ ಒಟ್ಟಿಗೆ ಕರೆಸುತ್ತಿದ್ದೆ. ಐವರೂ ಒಬ್ಬರನ್ನೊಬ್ಬರು ನೋಡಿ, ಪರವಾಗಿಲ್ಲ, ಒಳ್ಳೆಯ ಡಾಕ್ಟರೇ ಇರಬೇಕು ಎಂದು ಸಮಾಧಾನಪಡುತ್ತಿದ್ದರು. ಒಂದೂವರೆ ಗಂಟೆ ಕಾಯಿಸಿದರೆ ಅವರ ಭಕ್ತಿ ಇನ್ನೂ ಹೆಚ್ಚುತ್ತಿತ್ತು. ಒಳಗೆ ಡಾಕ್ಟರು ಪೇಪರು ಓದುತ್ತಿರುತ್ತಿದ್ದರು.

ಮಂಗಳವಾರ ಐದು ಜನ ಸಿಗುವುದೂ ಕಷ್ಟವಾಗಿತ್ತು. ಅವತ್ತು ಮೂಗಿಗೆ ಕತ್ತಿ ಮುಟ್ಟಿಸಲು ಯಾರಿಗೂ ಮನಸ್ಸಿಲ್ಲ. ಅದಕ್ಕೆಂದು ಮಂಗಳವಾರ ಹಲಸೂರಿನಿಂದ ನನ್ನ ಅಣ್ಣನ ಹೆಂಡತಿಯನ್ನು ಕರೆಸುತ್ತಿದ್ದೆ. ಅತ್ತಿಗೆ ರೇಷ್ಮೆ ಸೀರೆ ಉಟ್ಟು, ಚೀಲದಲ್ಲಿ ಅವರೆಕಾಯಿ ತುಂಬಿಕೊಂಡು ಬರುತ್ತಿದ್ದರು. ಮೊದಲ ದಿನವೇ ನನ್ನ ಮೇಜಿನ ಮೇಲೆ ಬಾಗಿ ಕೇಳಿದರು:

"ಯಾರಾದ್ರೂ ಕೇಳಿದ್ರೆ ಮೂಗಿಗೆ ಬಂದೆ ಅನ್ಲಾ, ಹೊಟ್ಟೆಗಾ?"

"ಏನೂ ಅನ್ಬೇಡಿ ಅತ್ತಿಗೆ. ಸುಮ್ನೆ ಕೂತ್ಕೊಳಿ. ಅವರೆಕಾಯಿ ಮಾತ್ರ ಇಲ್ಲಿ ಸುಲೀಬೇಡಿ."

"ಸುಮ್ನೆ ಕೂತ್ರೆ ನಿದ್ದೆ ಬರುತ್ತಪ್ಪ. ಗೊರಕೆ ಹೊಡೆದ್ರೆ ನಿನಗೇ ಕಷ್ಟ."

ಸುಲಿದರು. ಪಕ್ಕದಲ್ಲಿ ಕೂತ ಮೇಡಂ ಒಬ್ಬರು ಅವರನ್ನೇ ನೋಡಿ ನೋಡಿ, ಚಿಕಿತ್ಸೆಗೆ ಮುಂಚೆ ಇವರ ಮುಖ ಹೇಗಿತ್ತು ಎಂದು ನನ್ನನ್ನು ಗುಟ್ಟಾಗಿ ವಿಚಾರಿಸಿದರು. ಬಹಳ ಬದಲಾಗಿದೆ ಎಂದೆ. ಆ ಮೇಡಂ ಅವತ್ತೇ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಹೋದರು.

ವರ್ಷ ಕಳೆಯುವಷ್ಟರಲ್ಲಿ ನಿಜವಾದ ಜನ ಬರತೊಡಗಿದರು. ನಾನು ಉಬ್ಬಿಹೋದೆ. ಡಾಕ್ಟರಿಗೂ ಮನಸ್ಸು ದೊಡ್ಡದಾಗಿ, ಸುಟ್ಟ ಗಾಯದ ಬಡವರು ಯಾರಾದರೂ ಬಂದರೆ ದುಡ್ಡಿನ ಮಾತೆತ್ತದೆ ಒಳಗೆ ಕಳಿಸಿ ಎಂದರು. ಹೇಳಿ ಮರೆತರು. ನಾನು ಮರೆಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ.

ಹಾಗೆ ಬಂದ ಹೆಂಗಸೊಬ್ಬಳು ರಾಯಚೂರಿನ ಕಡೆಯವಳು. ಟಿನ್ ಫ್ಯಾಕ್ಟರಿಯ ಹಿಂದೆ ಬಾಡಿಗೆ ಕೋಣೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ. ಸ್ಟವ್ ಸಿಡಿದು ಬಲಗೈ ಸುಟ್ಟು, ಗಾಯ ಮಾಗುತ್ತ ಮಾಗುತ್ತ ಐದೂ ಬೆರಳು ಮಡಿಸಿಕೊಂಡು ಅಂಗೈಗೆ ಅಂಟಿದ್ದವು. ಬೆರಳು ಬಿಡಿಸಿದರೆ ಮತ್ತೆ ಮೆಷಿನ್ ಮೇಲೆ ಕೂರಬಹುದು, ಅಷ್ಟೇ ಅವಳ ಆಸೆ. ಮೊದಲ ದಿನ ಹಾಲ್‌ನಲ್ಲಿ ಕೂತು ನೀರು ಕುಡಿಯುವಾಗ ಕೈ ಮೇಲಿನ ಸೆರಗು ಜಾರಿತು. ಪಕ್ಕದ ಮೇಡಂ ಎದ್ದು ದೂರದ ಕುರ್ಚಿಗೆ ಹೋದರು. ಇನ್ನಿಬ್ಬರು ಹೊರಗೇ ಹೋದರು, ಮತ್ತೆ ಬರಲಿಲ್ಲ. ನಾನು ಅವಳನ್ನು ಮೆಟ್ಟಿಲ ಹತ್ತಿರ ಕರೆದೊಯ್ದೆ.

"ನೋಡಮ್ಮ, ಹಾಲ್ ಖಾಲಿ ಇದ್ದ ದಿನ ಬಾ. ಒಳಗೆ ಕಳಿಸ್ತೀನಿ."

"ಯಾವತ್ತ ಖಾಲಿ ಇರ್ತೈತ್ರಿ ಅಣ್ಣಾರ?"

"ಮಂಗಳವಾರ ನೋಡು."

ಅವಳು ಪ್ರತಿ ಮಂಗಳವಾರ ಬಂದಳು. ಗಾಜಿನ ಬಾಗಿಲಿಂದ ಇಣುಕಿ, ಕುರ್ಚಿಗಳಲ್ಲಿ ಜನರಿದ್ದರೆ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದವರೆಗೆ ಕಾದು ಹೋಗುತ್ತಿದ್ದಳು. ಹಾಲ್ ಖಾಲಿ ಇರಬಾರದೆಂದು ಹಠ ತೊಟ್ಟವನು ನಾನೇ. ಎಷ್ಟೋ ಮಂಗಳವಾರ ಅವಳನ್ನು ಹೊರಗಿಟ್ಟದ್ದು ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತಿಗೆ. ಒಮ್ಮೆ ಅತ್ತಿಗೆಯೇ, ಆ ಹುಡುಗಿಗೆ ನನ್ನ ಕುರ್ಚಿ ಕೊಡು, ನಾನು ಮನೆಗೆ ಹೋಗ್ತೀನಿ ಎಂದರು. ನಿಮಗೆ ಈ ಕೆಲಸ ಗೊತ್ತಾಗುವುದಿಲ್ಲ ಎಂದು ಗದರಿದೆ. ಬರುಬರುತ್ತ ಅವಳೇ ನನ್ನ ಮುಜುಗರ ತಪ್ಪಿಸಲು, ನಾನು ಬಾಯಿ ತೆರೆಯುವ ಮುಂಚೆ "ಇವತ್ತೂ ತುಂಬೈತ್ರಿ" ಎಂದು ನಕ್ಕು ಹೋಗುತ್ತಿದ್ದಳು.

ಹೀಗೆ ಒಂಬತ್ತು ತಿಂಗಳು. ಡಾಕ್ಟರು ಕಾರು ನಿಲ್ಲಿಸಿ ಹಿಂಬಾಗಿಲಿಂದ ಬರುತ್ತಿದ್ದರಾದ್ದರಿಂದ ಮೆಟ್ಟಿಲು ಅವರ ಕಣ್ಣಿಗೆ ಬಿದ್ದದ್ದೇ ಇಲ್ಲ. ಒಂದು ಮಂಗಳವಾರ ಹಿಂದಿನ ರಸ್ತೆ ಅಗೆದಿದ್ದರು. ಮುಂಬಾಗಿಲಿಗೆ ಬಂದ ಡಾಕ್ಟರು ಅವಳ ಕೈ ನೋಡಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಬೆರಳನ್ನು ಮೆಲ್ಲಗೆ ಎತ್ತಿ ನೋಡಿದರು. ಆಮೇಲೆ ತಲೆಯೆತ್ತಿ, ಬಾಗಿಲಿಗೆ ಓಡಿಬಂದ ನನ್ನನ್ನು ಕೇಳಿದರು:

"ಇವ್ರು ಯಾವಾಗಿಂದ ಬರ್ತಿದಾರೆ?"

"ಹೋದ ವಾರ ಬಂದಿದ್ರು ಸರ್."

ಡಾಕ್ಟರು ಅವಳ ಕಡೆ ತಿರುಗಿದರು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಹೌದ್ರಿ ಸರ," ಎಂದಳು. "ಹ್ವಾದ ವಾರಾನ ಬಂದೀನ್ರಿ."

ತಾನು ನಿಜ ಹೇಳಿದರೆ ಈ ಮೇಜಿನವನು ತನ್ನ ಹೆಸರು ಹೊಡೆದುಹಾಕುತ್ತಾನೆ ಎಂಬ ಭಯ ಅವಳದು. ನನಗೆ ಅದು ಗೊತ್ತಿತ್ತು. ಆದರೂ ಆಗ ಆದದ್ದು ನಾಚಿಕೆಯಲ್ಲ, ನಿರಾಳ. ಇಷ್ಟು ವರ್ಷವಾದ ಮೇಲೂ ನುಂಗಲಾಗದ್ದು ಆ ನಿರಾಳವೇ.

ಅದೇ ವಾರ ಆಪರೇಷನ್ ಆಯಿತು. ಮೂರು ಬೆರಳು ಬಿಟ್ಟುಕೊಂಡವು. ಕಿರುಬೆರಳು, ಉಂಗುರಬೆರಳು ಬರಲಿಲ್ಲ, ಗಂಟುಗಳು ಸೆಟೆದುಹೋಗಿದ್ದವು. ಡಾಕ್ಟರು ಕೈ ತೊಳೆದು ಬಂದು ನನ್ನ ಮೇಜಿನ ಹತ್ತಿರ ನಿಂತರು.

"ಆರು ತಿಂಗಳ ಮುಂಚೆ ಬಂದಿದ್ರೆ ಐದೂ ಬಿಡಿಸ್ಬಹುದಿತ್ತು. ಈ ಜನ ಯಾವಾಗ್ಲೂ ಲೇಟಾಗೇ ಬರ್ತಾರೆ ನೋಡಿ."

"ಹೌದು ಸರ್," ಎಂದೆ.

ಎರಡು ತಿಂಗಳ ಮೇಲೆ ಅವಳು ಬಂದಳು, ಅಭ್ಯಾಸಬಲದಿಂದಲೋ ಏನೋ, ಮಂಗಳವಾರವೇ. ಗಾರ್ಮೆಂಟ್ಸ್‌ನವರು ಮೆಷಿನ್ ಕೊಡದೆ, ಹೊಲಿದ ಬಟ್ಟೆಯ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದ್ದರು. ಅದನ್ನು ದೂರಿನಂತೆ ಹೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿದ ನಾಲ್ಕು ಜೋಳದ ರೊಟ್ಟಿಯನ್ನು ಮೇಜಿನ ಮೇಲಿಟ್ಟು, "ಈ ಕೈಲೇ ಬಡದೀನ್ರಿ," ಎಂದಳು. "ನಿಮ್ಮಿಂದ ಮೂರು ಬೆರಳು ಬಂದ್ವು ಅಣ್ಣಾರ."

ನನ್ನಿಂದ ಎರಡು ಹೋದವು ಎಂದು ಹೇಳಬೇಕಿತ್ತು. ಒಂದೇ ಮಾತು. ಹಾಲ್‌ನಲ್ಲಿ ಅತ್ತಿಗೆಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಫೋನು ಬಂತು. ನಾನು ರಿಸೀವರ್ ಎತ್ತಿ, ಪುಸ್ತಕದ ಹಾಳೆಗಳನ್ನು ಜೋರಾಗಿ ತಿರುವಿ, ಹತ್ತು ದಿನ ಯಾವುದೂ ಖಾಲಿ ಇಲ್ಲ ಮೇಡಂ ಎಂದೆ. ಅವಳು ಕೈ ಮುಗಿದು ಹೋದಳು, ಎರಡು ಬೆರಳು ಒಳಗೇ ಮಡಿಸಿಕೊಂಡಿದ್ದವು. ರೊಟ್ಟಿಗಳನ್ನು ನಾನು, ಅತ್ತಿಗೆ ಇಬ್ಬರೂ ತಿಂದೆವು. ಚೆನ್ನಾಗಿದ್ದವು.