ಕಿವಿ ಮುಚ್ಚಿಕೊಂಡ ಭಾನುವಾರ

ಓಲೆಯ ಭಾರಕ್ಕೆ ಎದುರುಮನೆ ಅಮ್ಮನ ಕಿವಿಯ ಹಾಲೆಗಳು ಜೋತುಬಿದ್ದಿದ್ದವು. ಮದುವೆಯಲ್ಲಿ ಇಟ್ಟ ಬಿಳಿಕಲ್ಲಿನ ದಪ್ಪ ಓಲೆ, ಮಲಗುವಾಗಲೂ ತೆಗೆಯುತ್ತಿರಲಿಲ್ಲ. ತೂತು ಹಿಗ್ಗಿ ಸೀಳಿನಂತಾಗಿ, ಅವರು ತಲೆಯಾಡಿಸಿದಾಗಲೆಲ್ಲ ಹಾಲೆಯೂ ಓಲೆಯೂ ಒಟ್ಟಿಗೆ ತೂಗುತ್ತಿದ್ದವು. ಆ ಕಿವಿಗೆ ಬೀಳದ ಸುದ್ದಿ ಶ್ರೀನಿವಾಸಪುರದ ನಮ್ಮ ಬೀದಿಯಲ್ಲಿ ಇರಲಿಲ್ಲ. ನಾನು ಒಗ್ಗರಣೆ ಇಟ್ಟರೆ ಎದುರುಮನೆಯ ಜಗಲಿಯಿಂದಲೇ ಕೂಗುತ್ತಿದ್ದರು: "ಸಾಸಿವೆ ಇನ್ನೂ ಸಿಡಿದೇ ಇಲ್ಲ, ಆಗ್ಲೇ ಈರುಳ್ಳಿ ಹಾಕಿದ್ಯೇನೇ?"

ನಾನು ಮಾಸ್ತಿ ಕಡೆಯಿಂದ ಸೊಸೆಯಾಗಿ ಬಂದವಳು. ತೆಲುಗು ಬರುತ್ತಿರಲಿಲ್ಲ, ಸೊಪ್ಪಿನವಳ ಹತ್ತಿರ ಮಾತಾಡಲೂ ಹೆದರುತ್ತಿದ್ದೆ. ಎದುರುಮನೆ ಅಮ್ಮನೇ ನನ್ನನ್ನು ಬೀದಿಗೆ ಎಳೆದು ತಂದು, "ಇಲ್ಲಿ ತೆಲುಗು ಬರದಿದ್ರೆ ಸೊಪ್ಪೂ ಬಾಡಿದ್ದೇ ಸಿಗತ್ತೆ ಕಣೇ" ಎಂದು ಬೈದು ಕಲಿಸಿದರು. ನನ್ನ ಅತ್ತೆಗೆ ಹೇಳಲಾಗದ್ದನ್ನೆಲ್ಲ ನಾನು ಅವರಿಗೇ ಹೇಳುತ್ತಿದ್ದೆ.

ಅವರ ಗಂಡನ ಊರು ರಾಯಲ್ಪಾಡು. ಅವರು ಆ ಮನೆಗೆ ಕಾಲಿಟ್ಟಾಗ ಅತ್ತೆ ಆಗಲೇ ತೀರಿಕೊಂಡಿದ್ದರು. ತಾಯಿಯಿಲ್ಲದ ಪುಟ್ಟ ಮೈದುನ ಮೊದಲ ದಿನವೇ ಹೊಸ ಅತ್ತಿಗೆಯ ಸೆರಗು ಹಿಡಿದುಕೊಂಡನಂತೆ. ಅವನಿಗೆ ತಲೆ ಬಾಚಿದ್ದು, ಅನ್ನ ಕಲಸಿ ತಿನ್ನಿಸಿದ್ದು, ಶಾಲೆಗೆ ಕಳಿಸಿದ್ದು ಎಲ್ಲ ಇವರೇ. ಒಮ್ಮೆ ಅವನು ವಿಷಮಜ್ವರದಲ್ಲಿ ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಬೆಂಗಳೂರಿನ ದೊಡ್ಡ ಬಸವಣ್ಣನಿಗೆ ಹೊಸ ಕಡಲೆಕಾಯಿ ಒಪ್ಪಿಸಿ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತೇನೆಂದು ಹರಕೆ ಹೊತ್ತರು. ಹುಡುಗ ಎದ್ದು ಕೂತ. ಹರಕೆ ಮಾತ್ರ ಹಾಗೇ ಉಳಿಯಿತು.

ಮುಂದೆ ಅಣ್ಣತಮ್ಮಂದಿರು ಭಾಗವಾದರು, ಇವರು ಶ್ರೀನಿವಾಸಪುರಕ್ಕೆ ಬಂದು ನೆಲೆಸಿದರು. ಹಿತ್ತಲು ಮೈದುನನ ಪಾಲಿಗೆ ಹೋಯಿತು. ಅಲ್ಲಿ ಇವರೇ ನೆಟ್ಟು ನೀರೆರೆದ ರಸಪುರಿ ಮಾವಿನ ಮರವೊಂದಿತ್ತು. ಅವನು ಒಂದು ಮಾತೂ ಕೇಳದೆ ಅದನ್ನು ಕಡಿಸಿಬಿಟ್ಟ. ಅಂದಿನಿಂದ ಅತ್ತಿಗೆ ಮೈದುನನ ನಡುವೆ ಮಾತಿಲ್ಲ. ಯಾರು ಹೇಳಿದರೂ ಇವರದು ಒಂದೇ ಉತ್ತರ: "ಸಾಕಿದೋಳು ನಾನು. ಅವನೇ ಬರ್ಲಿ." ಆದರೆ ರಾಯಲ್ಪಾಡಿನ ಬಸ್ಸು ಬಂದಾಗಲೆಲ್ಲ ಇಳಿಯುವವರನ್ನು ಜಗಲಿಯಿಂದ ಇಣುಕಿ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎಂಬತ್ತರ ಆಸುಪಾಸಿನ ಒಂದು ಕಾರ್ತಿಕದಲ್ಲಿ ನಮ್ಮ ಬೀದಿಯ ಭಜನೆಯ ಹೆಂಗಸರೆಲ್ಲ ಸೇರಿ ಭಾನುವಾರ ಬೆಂಗಳೂರಿಗೆ ಹೋಗುವುದೆಂದಾಯಿತು. ಬೆಳಿಗ್ಗೆ ದೇವರು, ಮಧ್ಯಾಹ್ನ ಊರು ನೋಡುವುದು. ಹಿಂದೆ ಎರಡು ಸಲ ಹೀಗೇ ಹೊರಟಿದ್ದೆವು. ಒಮ್ಮೆ ಅಮ್ಮನ ದಾಯಾದಿಗಳಲ್ಲಿ ಹೆರಿಗೆ, ಇನ್ನೊಮ್ಮೆ ಸಾವು. ಸೂತಕ ಬಂದರೆ ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ. ಎರಡು ಸಲವೂ ಅವರು ಜಗಲಿಯಲ್ಲೇ ಉಳಿದರು. ಈ ಸಲ ರಾಯಲ್ಪಾಡಿನಲ್ಲಿ ಗಂಡನ ದೊಡ್ಡಪ್ಪ, ಎಲ್ಲರ ಬಾಯಲ್ಲಿ ಮುದುಕಪ್ಪ, ಹಾಸಿಗೆ ಹಿಡಿದಿದ್ದರು. "ಸ್ವಾಮೀ, ಭಾನುವಾರ ಒಂದು ದಾಟಿಸಿಬಿಡು, ಆಮೇಲೆ ನಿನ್ನಿಷ್ಟ" ಎಂದು ಅಮ್ಮ ದಿನವೂ ದೀಪ ಹಚ್ಚುವಾಗ ಗೊಣಗುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಹರಕೆ ತೀರಿಸಿ, ಪ್ರಸಾದ ತಗೊಂಡು ಮರುದಿನವೇ ಮೈದುನನ ಮನೆಗೆ ಹೋಗಬೇಕೆಂದು ಅವರು ಮನಸ್ಸಿನಲ್ಲೇ ನಿಶ್ಚಯಿಸಿದ್ದರು. ಅದನ್ನು ನನಗೊಬ್ಬಳಿಗೇ ಹೇಳಿದ್ದರು. "ಪ್ರಸಾದ ಕೊಡೋಕೆ ಹೋದ್ರೆ ಸೋತಂಗೇನೂ ಅಲ್ವಲ್ಲೇ?"

ಮಾವಿನ ಮಂಡಿಯ ವ್ಯಾನು ನಸುಕಿನಲ್ಲೇ ಬೀದಿಗೆ ಬಂತು. ಅವರ ಯಜಮಾನರು ಹಾಲು ಹಾಕಲು ಡೇರಿಗೆ ಹೋಗಿದ್ದರು. ಅಮ್ಮ ಕಡಲೆಕಾಯಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಆಗ ಬೀದಿಯ ತುದಿಯಲ್ಲಿ ಸೈಕಲ್ಲು ಕಾಣಿಸಿತು. ರಾಯಲ್ಪಾಡಿನಿಂದ ಸಾವಿನ ಸುದ್ದಿ ಹೊತ್ತು ತರುವ ಆಳು ಅವನು. ಅವನನ್ನು ಕಂಡರೇ ಸಾಕು, ಏನೆಂದು ತಿಳಿಯುತ್ತಿತ್ತು.

"ಹೇಳ್ಬೇಡ!" ಅಮ್ಮ ಕೂಗಿಕೊಂಡರು. "ಬಾಯಿ ಬಿಟ್ಟೀಯಾ ಜೋಕೆ! ಕೇಳಿದ್ರೆ ತಾನೇ ಸೂತಕ? ಸಂಜೆ ಬಂದು ಹೇಳು."

ಅದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ಕಿವಿಗೆ ಬೀಳದ ಸಾವಿಗೆ ಸೂತಕವಿಲ್ಲ. ಕೇಳಿದ ಗಳಿಗೆಯಿಂದಲೇ ಅದರ ಲೆಕ್ಕ. ಅವನು ಸೈಕಲ್ಲು ನಿಲ್ಲಿಸಿ, "ಅಮ್ಮಾ, ಒಕ್ಕ ಮಾಟ ವಿನು ತಲ್ಲೀ" ಎಂದು ತೆಲುಗಿನಲ್ಲಿ ಬೇಡಿಕೊಳ್ಳುತ್ತ ಹತ್ತಿರ ಬಂದ. ಒಂದು ಮಾತು ಕೇಳು ತಾಯಿ. ಅಮ್ಮ ಎರಡೂ ಅಂಗೈಯಿಂದ ಓಲೆಸಮೇತ ಕಿವಿ ಮುಚ್ಚಿಕೊಂಡು "ಗೋವಿಂದಾ ಗೋವಿಂದಾ" ಎಂದರು. ಹಿಂದಿನಿಂದ ನಾವೂ ದನಿಗೂಡಿಸಿದೆವು. ತಾಳ ಬಡಿದವರೂ ಉಂಟು. ವ್ಯಾನು ಹೊರಟಿತು.

"ನಿಲ್ಸಲಾ ಅಮ್ಮಾ? ಏನೋ ಹೇಳ್ತಾವ್ನೆ ಪಾಪ" ಎಂದ ಡ್ರೈವರ್ ಭಾಯಿ.

"ನಿಲ್ಸಬೇಡಿ ಭಾಯಿ. ಮುದುಕಪ್ಪ ಸಂಜೆವರೆಗೂ ಕಾಯ್ತಾರೆ."

ದೊಡ್ಡ ಬಸವಣ್ಣನ ಮುಂದೆ ನಿಂತಾಗ ಅಮ್ಮನ ಕಣ್ಣು ತುಂಬಿತ್ತು. "ಯಾರ ಹೆಸರಿಗಮ್ಮ?" ಎಂದರು ಅರ್ಚಕರು. ಅಷ್ಟು ವರ್ಷ ಬಾಯಲ್ಲಿ ಬಾರದಿದ್ದ ಮೈದುನನ ಹೆಸರನ್ನು ಅಮ್ಮ ಎತ್ತಿದ ದನಿಯಲ್ಲಿ ಹೇಳಿದರು. ನಕ್ಷತ್ರ, ಗೋತ್ರ ಒಂದೂ ಮರೆತಿರಲಿಲ್ಲ. "ದೀರ್ಘಾಯುಷ್ಯ ಆಗ್ಲಿ ಅಂತ ಬೇಡಿಕೊಳ್ಳಿ" ಎಂದರು. ಮರಳಿ ಕೊಟ್ಟ ಹಿಡಿ ಕಡಲೆಕಾಯಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಲಾಲ್‌ಬಾಗಿನ ಬಂಡೆ ಹತ್ತಿದರು. ವಿಧಾನಸೌಧ ನೋಡಿ, "ಇಷ್ಟಕ್ಕೂ ಕಸ ಗುಡಿಸೋರು ಯಾರೇ, ಸೊಂಟ ಉಳಿಯತ್ತಾ?" ಎಂದರು. ಕಬ್ಬನ್ ಪಾರ್ಕಿನಲ್ಲಿ ಮಕ್ಕಳ ರೈಲು ಕಂಡದ್ದೇ ಹಟ ಮಾಡಿ ನನ್ನನ್ನೂ ಎಳೆದುಕೊಂಡು ಹತ್ತಿದರು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ರೈಲು ತಿರುಗಿದಾಗೆಲ್ಲ ಓಲೆ ಕುಣಿಸುತ್ತ ಅವರು ನಕ್ಕ ನಗು ನನಗೆ ಇವತ್ತಿಗೂ ಕೇಳಿಸುತ್ತದೆ. "ಅವನಿಗೆ ಚಿಕ್ಕೋನಾಗಿದ್ದಾಗ ರೈಲಂದ್ರೆ ಪ್ರಾಣ ಕಣೇ" ಎಂದರು, ಸೆರಗಿನ ಗಂಟು ಮುಟ್ಟಿ ನೋಡಿಕೊಂಡು.

ಊರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವರ ಮನೆಗೆ ಬೀಗ ಬಿದ್ದಿತ್ತು. ಸುದ್ದಿಯವನು ಜಗಲಿಯ ಮೇಲೆ ಕೂತಿದ್ದ. ಅಮ್ಮ ಇಳಿದು, ಸೆರಗು ಸರಿಮಾಡಿಕೊಂಡು, "ಈಗ ಹೇಳಪ್ಪ. ಮುದುಕಪ್ಪ ಯಾವಾಗ ಹೋದ್ರು?" ಎಂದರು.

"ಮುದುಕಪ್ಪ ಅಲ್ಲಮ್ಮಾ. ಚಿಕ್ಕಯಜಮಾನ್ರು. ರಾತ್ರಿ ಎದೆನೋವು ಬಂತು." ಅವನು ತಲೆಯೆತ್ತಲಿಲ್ಲ. "ಅತ್ತಿಗೆ ಬರ್ಲಿ ಅಂತ ಮಧ್ಯಾಹ್ನದವರೆಗೂ ಎತ್ತಲಿಲ್ಲ. ಆಮೇಲೆ ಮಣ್ಣು ಮಾಡಿದ್ರು."

ಅಮ್ಮ ಅಳಲಿಲ್ಲ. ಜಗಲಿಯ ಮೇಲೆ ಅವನ ಪಕ್ಕದಲ್ಲೇ ಕೂತರು. ಸೆರಗಿನ ಗಂಟು ಬಿಚ್ಚಲು ಹೋದರು; ಕೊನೆಗೆ ನಾನೇ ಬಿಚ್ಚಿ ಕಡಲೆಕಾಯಿಯನ್ನು ಅವರ ಕೈಗಿತ್ತೆ.

ಹನ್ನೊಂದನೆಯ ದಿನದ ಊಟಕ್ಕೆ ಮುದುಕಪ್ಪನನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದಿದ್ದರು. ಆಮೇಲೂ ಅವರು ಎಷ್ಟೋ ಮಾವಿನ ಸುಗ್ಗಿ ಕಂಡರು. ಅಮ್ಮ ಅದಕ್ಕಾಗಿ ಅವರ ಮೇಲೆ ಮುನಿಯಲಿಲ್ಲ. ದೇವರ ಮೇಲೂ ಇಲ್ಲ. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಡುವಂತೆ ಕಡಲೆಕಾಯಿ ಬಿಟ್ಟರು. ಒಂದು ಸಂಜೆ ಮಾತ್ರ, ನನ್ನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, ಇದ್ದಕ್ಕಿದ್ದಂತೆ ಅಂದರು: "ಅವತ್ತು ಆ ಸೈಕಲ್ಲಿನವನ ಕಣ್ಣು ಕೆಂಪಗಿತ್ತು ಕಣೇ. ಮುದುಕಪ್ಪನಿಗಾಗಿ ಯಾರು ಅಷ್ಟು ಅಳ್ತಾರೆ? ನಾನು ಅದನ್ನ ನೋಡ್ದೆ. ನೋಡಿನೂ ಕಿವಿ ಮುಚ್ಕೊಂಡೆ. ಅವನನ್ನ ಮಣ್ಣಿಗಿಡೋ ಹೊತ್ತಲ್ಲಿ ನಾನು ಮಕ್ಕಳ ರೈಲಲ್ಲಿ ಕೂತು ನಗ್ತಿದ್ದೆ." ನಾನು ಅವರೆಕಾಯಿ ಸುಲಿಯುತ್ತಲೇ ಇದ್ದೆ.

ಅಲ್ಲಿಂದಾಚೆ ಬೀದಿಗೆ ಯಾರೇ ಸುದ್ದಿ ತರಲಿ, ಯಾರ ಮನೆಗೇ ತರಲಿ, ಕೈಯಲ್ಲಿ ರಾಗಿಹಿಟ್ಟು ಅಂಟಿದ್ದರೂ ಬರಿಗಾಲಲ್ಲಿ ಓಡಿಬರುತ್ತಿದ್ದರು. ದಣಿದು ಬಂದವನಿಗೆ ಯಾರಾದರೂ ಚೊಂಬು ಚಾಚಿದರೆ ತಡೆಯುತ್ತಿದ್ದರು. "ಮೊದ್ಲು ಹೇಳು. ಆಮೇಲೆ ನೀರು ಕುಡಿವಂತೆ."

ಎಷ್ಟೋ ವರ್ಷದ ಮೇಲೆ ನನ್ನ ಯಜಮಾನರಿಗೆ ಮುಳಬಾಗಿಲಿಗೆ ವರ್ಗವಾಯಿತು. ಅಲ್ಲಿ ಒಂದು ಬೆಳಿಗ್ಗೆ ಕುರುಡುಮಲೆಯ ಗಣಪತಿಗೆಂದು ಹಣ್ಣುಕಾಯಿ ಹಿಡಿದು ಹೊರಟಿದ್ದೆವು. ಎದುರುಮನೆ ಅಮ್ಮನ ಮಗ ಶ್ರೀನಿವಾಸಪುರದಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಬುಟ್ಟಿ ನೋಡಿ ಹಿಂಜರಿದ. "ದೇವಸ್ಥಾನಕ್ಕೆ ಹೊರಟಿದೀರೇನೋ ಅಕ್ಕ. ಹೋಗ್ಬನ್ನಿ, ಆಮೇಲೆ..."

"ಮೊದ್ಲು ಹೇಳು" ಎಂದೆ. ದನಿ ನನ್ನದಾಗಿರಲಿಲ್ಲ.

ಬುಟ್ಟಿ ಅಲ್ಲೇ ಇಟ್ಟು ಸಿಕ್ಕಿದ ಬಸ್ಸು ಹತ್ತಿದೆವು. ನಾವು ಹೋದಾಗ ಇನ್ನೂ ಎತ್ತಿರಲಿಲ್ಲ. ಓಲೆ ತೆಗೆದಿದ್ದರು, ಹಾಲೆಯ ಉದ್ದನೆಯ ಸೀಳು ಬರಿದಾಗಿತ್ತು. ಪಕ್ಕದಲ್ಲಿ ಕೂತು ಮನದಣಿಯೆ ಅವರ ಮುಖ ನೋಡಿದೆ. ಹಾಗೆ ನೋಡುವುದು ನನಗೆ ದಕ್ಕಿದ್ದು ಅವರಿಂದ. ಅವರಿಗೇ ಅದು ದಕ್ಕಲಿಲ್ಲ.