ಮುಚ್ಚದೆ ಕಳಿಸಿದ ಡಿಸ್ಕುಗಳು

ಪ್ರಯೋಗಾಲಯದಲ್ಲಿ ನನ್ನನ್ನು ಕಂಡರೆ ವಿದ್ಯಾರ್ಥಿಗಳಿಗೆ ಸ್ವಲ್ಪ ಭಯ. ಒಂದು ಉಪಕರಣ ಕೊಟ್ಟ ಅಂಕಿಯನ್ನು ಇನ್ನೊಂದರಲ್ಲಿ ಅಳೆದು ನೋಡದೆ ತಂದರೆ ಮಾತಿಲ್ಲದೆ ವಾಪಸ್ ಕಳಿಸುತ್ತೇನೆ. ಅಂಥ ನಾನು ಒಂದು ವರ್ಷ ಪೂರ್ತಿ ಮಾಡಿದ ಕೆಲಸವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಜಪಾನಿನ ತ್ಸುಕುಬಾದ ಸಂಶೋಧನಾ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಾಗ ಗಂಡನ ಕೆಲಸ ಕೋಬೆಯಲ್ಲಿತ್ತು, ಮಗಳ ಶಾಲೆಯೂ ಅಲ್ಲೇ. ನೌಕರಿಗಾಗಿ ಮನೆಯವರನ್ನು ಬಿಟ್ಟು ಬೇರೆ ಊರಲ್ಲಿ ಒಬ್ಬರೇ ಇರುವುದು ಈ ದೇಶದಲ್ಲಿ ಹೊಸದೇನಲ್ಲ, ಅದಕ್ಕೊಂದು ಹೆಸರೇ ಇದೆ. ಆದರೆ ಹಾಗೆ ಹೋಗುವುದು ಸಾಮಾನ್ಯವಾಗಿ ಅಪ್ಪ. ಅಮ್ಮ ಹೊರಟರೆ ಮಗಳ ಗೆಳತಿಯರ ಅಮ್ಮಂದಿರು "ಕಷ್ಟ ಆಗುತ್ತಲ್ಲವೇ?" ಎಂದು ತಲೆ ಬಾಗಿಸಿ ವಿಚಾರಿಸುತ್ತಾರೆ. ಅವರು ವಿಚಾರಿಸಿದಷ್ಟೂ ನನ್ನ ಹಟ ಹೆಚ್ಚಿತು. ಹೊರಟೇಬಿಟ್ಟೆ.

ಮಗಳಿಗೆ ಆಗ ಒಂಬತ್ತು. ವಿಡಿಯೊ ಕಾಲ್ ಮಾಡಿದರೆ ಎರಡೇ ನಿಮಿಷಕ್ಕೆ ಅವಳಿಗೆ ಹೋಮ್‌ವರ್ಕ್ ನೆನಪಾಗುತ್ತಿತ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ. ಮಲಗುವ ಮುಂಚೆ ಫೋನ್ ಕೂಡದು ಎಂಬುದು ನಾನೇ ಮಾಡಿದ ಕಾಯ್ದೆ. ಆದರೆ ಅವಳ ಕೋಣೆಯಲ್ಲಿ ಹಳೆಯ ಡಿವಿಡಿ ಪ್ಲೇಯರ್ ಒಂದಿತ್ತು. ಕ್ಯಾಮೆರಾ ಮುಂದೆ ಕೂತು ಕಥೆ ಹೇಳಿ, ರೆಕಾರ್ಡ್ ಮಾಡಿ ತಿಂಗಳಿಗೊಂದು ಡಿಸ್ಕ್ ಕಳಿಸೋಣ ಎಂದುಕೊಂಡೆ. ನನ್ನ ದನಿ ಅವಳ ಕಿವಿಯಲ್ಲಿ ಉಳಿಯದಿದ್ದರೆ ಮಗಳು ಕೈತಪ್ಪಿ ಹೋಗುತ್ತಾಳೆ ಎಂಬ ಹೆದರಿಕೆ ನನಗಿತ್ತು.

ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ, ಟಿವಿಗೆ ಜೋಡಿಸಿ ಕ್ಯಾಮೆರಾದಲ್ಲಿದ್ದುದನ್ನು ಡಿಸ್ಕಿಗೆ ಬರೆಯುವ ರೆಕಾರ್ಡರ್ ಸಿಕ್ಕಿತು. ಖಾಲಿ ಡಿಸ್ಕ್ ಕೊಳ್ಳಲು ಹೋದರೆ ಒಂದು ಗೋಡೆ ಪೂರ್ತಿ ಅವೇ. ಮೈನಸ್ ಆರ್, ಪ್ಲಸ್ ಆರ್, ಒಂದೇ ಸಲ ಬರೆಯುವಂಥವು, ಅಳಿಸಿ ಮತ್ತೆ ಬರೆಯುವಂಥವು. ನೋಡಲು ಎಲ್ಲವೂ ಒಂದೇ ಥರ, ಆದರೆ ಒಂದಕ್ಕೆ ಒಗ್ಗುವ ಯಂತ್ರಕ್ಕೆ ಇನ್ನೊಂದು ಒಗ್ಗುವುದಿಲ್ಲ. ನಾನು ಎರಡೂ ಯಂತ್ರಗಳ ಮಾಡೆಲ್ ನಂಬರ್ ಬರೆದುಕೊಂಡೇ ಹೋಗಿದ್ದೆ. ಅಂಗಡಿಯ ಹೆಂಗಸು ಅದನ್ನು ನೋಡಿ ಮೈನಸ್ ಆರ್ ಆರಿಸಿಕೊಟ್ಟಳು. ಸರಿಯಾದದ್ದನ್ನೇ ಕೊಟ್ಟಳು, ಪಾಪ.

ಪ್ರತಿ ಡಿಸ್ಕ್ ಬರೆದಾದ ಮೇಲೆ ರೆಕಾರ್ಡರ್ ಒಂದು ಪ್ರಶ್ನೆ ಹಾಕುತ್ತಿತ್ತು: ಫೈನಲೈಸ್ ಮಾಡಲೇ? ಅಂದರೆ ಡಿಸ್ಕನ್ನು ಮುಚ್ಚಿಬಿಡಲೇ, ಮುಚ್ಚಿದರೆ ಇನ್ನೇನೂ ಸೇರಿಸಲಾಗದು. ಅರ್ಧ ಜಾಗ ಖಾಲಿ ಇದೆಯಲ್ಲ, ಕೋಬೆಗೆ ಹೋದಾಗ ವಾಪಸ್ ತಂದು ಇನ್ನೊಂದು ಕಥೆ ತುಂಬಬಹುದು ಎಂದು ಪ್ರತಿ ಸಲವೂ ಬೇಡ ಎಂದು ಒತ್ತಿದೆ. ಆಮೇಲೆ ಅದೇ ರೆಕಾರ್ಡರಿಗೆ ಹಾಕಿ ಐದು ನಿಮಿಷ ನೋಡುತ್ತಿದ್ದೆ. ಚೆನ್ನಾಗಿ ಓಡುತ್ತಿತ್ತು. ಕ್ಯಾಮೆರಾದಿಂದ ಮೂಲವನ್ನು ಅಳಿಸಿ, ಮಗಳ ಹೆಸರು ಬರೆದು ಅಂಚೆಗೆ ಹಾಕುತ್ತಿದ್ದೆ. ವಾಪಸ್ ತರಲು ಮಾತ್ರ ಒಮ್ಮೆಯೂ ನೆನಪಾಗಲಿಲ್ಲ.

ಡಿಸ್ಕ್ ತಲುಪಿತಾ ಎಂದರೆ, "ಹಾಯ್, ಅರಿಗಾತೋ" ಎಂದು ಜಪಾನಿಯಲ್ಲಿ ಹೂಂಗುಟ್ಟಿ ಥ್ಯಾಂಕ್ಸ್ ಹೇಳುತ್ತಿದ್ದಳು. ಕಥೆ ಹೇಗಿತ್ತು ಎಂದರೆ, "ಗುಡ್." ಅಷ್ಟೇ. ನಾಲ್ಕು ಸಲ ತಪ್ಪಿ, ನಾಲ್ಕು ಸಲ ಹೊಸದಾಗಿ ಹೇಳಿದ ಕಥೆಗೆ ಒಂದು "ಗುಡ್". ಸಂಸ್ಥೆಯಿಂದ ಸೈಕಲ್ ತುಳಿದುಕೊಂಡು ಬರುವಾಗ ಆ ಮಾತು ನೆನಪಾಗಿ ಎಷ್ಟೋ ಸಂಜೆ ಅತ್ತಿದ್ದೇನೆ. ಇವಳಿಗೆ ನಾನು ಬೇಡವಾಗಿದ್ದೇನೆ ಎಂದೇ ತೀರ್ಮಾನಿಸಿದ್ದೆ.

ಮುಂದಿನ ಬೇಸಿಗೆ ರಜೆಗೆ ಕೋಬೆಗೆ ಹೋದಾಗ, ಇಬ್ಬರೂ ಕೂತು ಒಂದು ಕಥೆ ನೋಡೋಣ ಎಂದೆ. ಅವಳು ಬೇಡ ಬೇಡ ಎಂದರೂ ಕೇಳದೆ ಪ್ಲೇಯರಿಗೆ ಡಿಸ್ಕ್ ಹಾಕಿದೆ. ಈ ಡಿಸ್ಕ್ ಓದಲಾಗದು ಎಂದು ಪರದೆ ಹೇಳಿತು. ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ಹನ್ನೆರಡೂ ಅಷ್ಟೇ. ಮಗಳು ಬಾಗಿಲ ಹತ್ತಿರ ನಿಂತಿದ್ದಳು.

"ನಿಂಗೆ ಗೊತ್ತಿತ್ತಾ?"

"ಮ್."

"ಮೊದಲ್ನೇದ್ರಿಂದಾನೂ? ಮತ್ತೆ ಯಾಕೇ ಹೇಳ್ಲಿಲ್ಲ?" ನನ್ನ ದನಿ ಏರಿತ್ತು.

"ಹೇಳಿದ್ರೆ ಯು ವಿಲ್ ಸ್ಟಾಪ್ ಸೆಂಡಿಂಗ್," ಎಂದಳು. "ನನ್ ಹೆಸ್ರಲ್ಲಿ ಪೋಸ್ಟ್ ಬರತ್ತೆ. ಐ ಲೈಕ್ ದಟ್."

ಮುಚ್ಚದ ಡಿಸ್ಕನ್ನು ಅದನ್ನು ಬರೆದ ಯಂತ್ರ ಓದುತ್ತದೆ, ಬೇರೆ ಪ್ಲೇಯರ್ ಓದಬೇಕೆಂದಿಲ್ಲ. ಇಷ್ಟು ತಿಳಿಯಲು ಒಂದೇ ಒಂದು ಸಲ ಬೇರೆ ಯಂತ್ರದಲ್ಲಿ ಹಾಕಿ ನೋಡಿದ್ದರೆ ಸಾಕಿತ್ತು. ಪರರಿಗೆ ಬುದ್ಧಿ ಹೇಳುವ ಈ ಮಹಾತಾಯಿಗೆ ಅದು ಹೊಳೆಯಲಿಲ್ಲ.

ಡಿಸ್ಕುಗಳನ್ನೆಲ್ಲ ತ್ಸುಕುಬಾಕ್ಕೆ ತಂದೆ. ಮೂಲ ಎಲ್ಲೂ ಇಲ್ಲ, ಡಿಸ್ಕುಗಳನ್ನು ಮುಚ್ಚಿಕೊಡಬೇಕಾದದ್ದು ಅವನ್ನು ಬರೆದ ಆ ಮುದಿ ರೆಕಾರ್ಡರೇ. ಅದು ಕೈಕೊಟ್ಟರೆ ವರ್ಷದ ಕಥೆಗಳು ಹೋದವೆಂದೇ ಲೆಕ್ಕ. ಭಾನುವಾರ ಬೆಳಿಗ್ಗೆಯಿಂದ ಒಂದೊಂದಾಗಿ ಹಾಕಿದೆ. ಏಳನೆಯದಕ್ಕೆ ಯಂತ್ರ ಗರಗರ ಎಂದಾಗ, ಎಂದೂ ಹರಕೆ ಹೊರದ ನಾನು ಹರಕೆ ಹೊತ್ತೆ. ಸಂಜೆಯ ಹೊತ್ತಿಗೆ ಹನ್ನೆರಡೂ ಮುಗಿದವು. ಈ ಸಲ ಸಂಸ್ಥೆಯ ಕಂಪ್ಯೂಟರಿನಲ್ಲಿ ಹಾಕಿ ಓಡುತ್ತವೆಂದು ನೋಡಿ, ಒಂದೊಂದು ನಕಲು ಇಟ್ಟುಕೊಂಡು ಕಳಿಸಿದೆ. ಕೂತು ಪೂರ್ತಿ ನೋಡುವಷ್ಟು ಸಮಾಧಾನ ಆಗಲೂ ಇರಲಿಲ್ಲ.

ಒಂದು ವಾರದ ಮೇಲೆ ಮಗಳು ತಾನಾಗಿ ಫೋನ್ ಮಾಡಿದಳು. ಹಾಗೆ ಮಾಡಿದ್ದು ಅದೇ ಮೊದಲು.

"ಅಮ್ಮಾ, ಒಂದ್ರಲ್ಲಿ ಸ್ಟೋರಿ ಮುಗಿದ್ಮೇಲೂ ಓಡ್ತಾನೇ ಇದೆ. ನೀನು ಕ್ಯಾಮೆರಾ ಆಫ್ ಮಾಡ್ಲಿಲ್ಲ."

"ಅಯ್ಯೋ, ಮರ್ತಿರ್ಬೇಕು. ಏನಿದೆ ಅದ್ರಲ್ಲಿ?"

"ಯು ಆರ್ ಈಟಿಂಗ್. ಕೊಂಬಿನಿ ಬೆಂತೋ. ಗೋಡೆ ನೋಡ್ಕೊಂಡು. ಟ್ವೆಂಟಿ ಮಿನಿಟ್ಸ್. ನಾನು ಪೂರ್ತಿ ನೋಡ್ದೆ."

ಕೆಲಸದಿಂದ ಬರುವಾಗ ದಾರಿಯ ಅಂಗಡಿಯಿಂದ ತರುತ್ತಿದ್ದ ಡಬ್ಬಿ ಊಟ ಅದು. ಅವಳೇ ಮತ್ತೆ ಕೇಳಿದಳು.

"ಅಮ್ಮಾ, ಅಲ್ಲಿ ನಿನ್ ಜೊತೆ ಯಾರೂ ಇಲ್ವಾ?"

ಪ್ರಶ್ನೆ ಪೂರ್ತಿ ಕನ್ನಡದಲ್ಲಿತ್ತು. ಹೊರಟು ಬಂದ ದಿನದಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ.

"ಇಲ್ಲ ಪುಟ್ಟಿ," ಎಂದೆ. "ಯಾರೂ ಇಲ್ಲ."

"ಊಟ ಆಯ್ತಾ?"

"ಇನ್ನೂ ಇಲ್ಲ."

"ಈಗ ಮಾಡು," ಎಂದಳು. "ನಾನು ಫೋನ್ ಇಡಲ್ಲ."